ಭಾಷಾಂತರದಲ್ಲಿ ಪಿಎಚ್‌ಡಿ: ಹಂಪಿಯೋ, ಹೈದರಾಬಾದೋ, ಕಡಲಾಚೆಯೋ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೂ ಸೇರಿಸಿ, ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಮೇಲೆ ನನಗೆ ಬರುವ ಫೋನುಗಳೇ ಬದಲಾಗಿವೆ. ಮೊದಲು "ಮೇಡಂ, ನೆಟ್ ಪರೀಕ್ಷೆಗೆ ಯಾವ ಪುಸ್ತಕ ಓದಲಿ" ಅಂತಿದ್ದ ಹುಡುಗ ಹುಡುಗಿಯರು ಈಗ "ಅಕ್ಕಾ, ಅನುವಾದದಲ್ಲೇ ಪಿಎಚ್‌ಡಿ ಮಾಡಬೇಕು ಅಂತಿದ್ದೀನಿ, ಎಲ್ಲಿಗೆ ಹೋಗಲಿ" ಅಂತ ಕೇಳುತ್ತಾರೆ. ತುಂಬಾ ಖುಷಿಯ ವಿಷಯ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕೆಲಸ, ಮನೆ, ಮಗಳು ಎಲ್ಲ ನೋಡಿಕೊಂಡು ಏಳು ವರ್ಷ ಈ ದಾರಿಯಲ್ಲಿ ನಡೆದವಳು ನಾನು. ಬಂಗಾಳಿಯಿಂದ ಕನ್ನಡಕ್ಕೆ ಬಂದ ಹಳೆಯ ಕಾದಂಬರಿಗಳ ಮೇಲೆ ನನ್ನ ಪ್ರಬಂಧ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಒಂದು ಒಳ್ಳೆಯ ಕಾದಂಬರಿ ಅನುವಾದ ಮಾಡಿಕೊಟ್ಟರೆ ಪಿಎಚ್‌ಡಿ ಸಿಗುತ್ತದೆ ಅಂತ ಕೇಳುವವರಲ್ಲಿ ಅರ್ಧ ಜನ ಅಂದುಕೊಂಡಿರುತ್ತಾರೆ. ನಮ್ಮ ದೇಶದ ಹೆಚ್ಚಿನ ವಿಭಾಗಗಳಲ್ಲಿ ಹಾಗೆ ಇಲ್ಲ. ಅನುವಾದ ಮಾಡುವುದು ಬೇರೆ, ಅನುವಾದವನ್ನು ಅಭ್ಯಾಸ ಮಾಡುವುದು ಬೇರೆ.

ಒಂದು ಸಾಲು ತಗೊಳ್ಳಿ: "ಅವಳು ಮುಸುರೆ ತೊಳೆದು, ಕೈ ಒರೆಸಿಕೊಂಡು ಬಂದಳು." ಅನುವಾದಕಿಯಾದರೆ ನಿಮ್ಮ ತಲೆನೋವು ಒಂದೇ, ಈ ‘ಮುಸುರೆ’ಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ? ಪಾತ್ರೆ ತೊಳೆದಳು ಅಂತ ಬರೆದರೆ ಪಾತ್ರೆಯೇನೋ ತೊಳೆದಂತಾಯಿತು, ಆದರೆ ಅನ್ನ ಬೆಂದ ಪಾತ್ರೆಗೆ ಬೇರೆ ಲೆಕ್ಕ, ಎಂಜಲಿಗೆ ಬೇರೆ ಲೆಕ್ಕ, ಮೈಲಿಗೆಗೆ ಇನ್ನೊಂದು ಲೆಕ್ಕ ಇಡುವ ಆ ಮನೆ ಪೂರ್ತಿ ಮಾಯ. ಆ ಮನೆಯಲ್ಲಿ ಮುಸುರೆ ತೊಳೆಯುವವಳು ಯಾರು ಅನ್ನುವುದೂ ಮಾಯ. ಸಂಶೋಧಕಿಯಾದರೆ ನಿಮ್ಮ ಕೆಲಸ ಇಲ್ಲಿಂದ ಶುರು. ನಾಲ್ಕು ಅನುವಾದಗಳನ್ನು ಮೇಜಿನ ಮೇಲೆ ಹರವಿಕೊಂಡು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಇಂಥ ಮೂವತ್ತು ನಲವತ್ತು ಜಾಗಗಳಲ್ಲಿ ಯಾರು ಏನು ಮಾಡಿದ್ದಾರೆ ಅಂತ ಬರೆದುಕೊಳ್ಳುತ್ತೀರಿ. ಒಬ್ಬರು ಬಿಟ್ಟರು, ಒಬ್ಬರು ವಿವರಿಸಿದರು, ಒಬ್ಬರು ಕನ್ನಡ ಪದವನ್ನೇ ಇಟ್ಟರು. ಆಮೇಲೆ ಯಾಕೆ ಅಂತ ಕೇಳುತ್ತೀರಿ. ಪ್ರಕಾಶಕರು ಹೇಳಿದ್ದಕ್ಕಾ? ಆ ಕಾಲದ ಓದುಗರಿಗಾಗಿಯಾ? ಅನುವಾದಕರ ಮನೆಯಲ್ಲೇ ಆ ಪದ ಇರಲಿಲ್ಲವಾ? ಈ ‘ಯಾಕೆ’ ನಿಮಗೆ ರುಚಿಸಿದರೆ ಪಿಎಚ್‌ಡಿಗೆ ಬನ್ನಿ. ‘ಏನು ಬರೆಯಲಿ’ ಅನ್ನುವುದೇ ಜಾಸ್ತಿ ಇಷ್ಟವಾದರೆ ಸುಮ್ನೆ ಅನುವಾದ ಮಾಡಿ, ಅದಕ್ಕೆ ಯಾವ ಡಿಗ್ರಿಯೂ ಬೇಡ. ಕೇಂದ್ರ ಸರ್ಕಾರದ ಹಿಂದಿ ಅನುವಾದಕರ ಹುದ್ದೆಗಳಿಗೂ ಎಂಎ ಜೊತೆಗೆ ಅನುವಾದದ ಡಿಪ್ಲೊಮಾ ಅಥವಾ ಅನುಭವ ಕೇಳುತ್ತಾರೆ, ಪಿಎಚ್‌ಡಿ ಕೇಳುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ತರಬೇತಿಗಳನ್ನು ನಡೆಸುತ್ತದೆ, ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ಆ ದಾರಿಯೂ ಚೆನ್ನಾಗಿದೆ.

ಇಷ್ಟರ ಮೇಲೂ ಪಿಎಚ್‌ಡಿಯೇ ಬೇಕು ಅನ್ನುವವರಿಗೆ ಮುಂದಿನದು.

ಪ್ರಬಂಧ ಯಾವ ಭಾಷೆಯಲ್ಲಿ?

ಎಲ್ಲರೂ ವಿಶ್ವವಿದ್ಯಾಲಯದ ಹೆಸರಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಅನ್ನಿಸುವುದು, ಮೊದಲು ತೀರ್ಮಾನ ಆಗಬೇಕಾದದ್ದು ಪ್ರಬಂಧದ ಭಾಷೆ. ಯಾವ ಭಾಷೆಯಲ್ಲಿ ಬರೆಯುತ್ತೀರಿ ಅನ್ನುವುದರ ಮೇಲೆ ಯಾರು ಓದುತ್ತಾರೆ, ಯಾರು ಪರೀಕ್ಷಕರಾಗುತ್ತಾರೆ, ಮುಂದೆ ಯಾವ ಊರಿನಲ್ಲಿ ಕೆಲಸ ಹುಡುಕುತ್ತೀರಿ, ಎಲ್ಲವೂ ನಿಂತಿದೆ.

ಕನ್ನಡದಲ್ಲಿ ಬರೆಯುತ್ತೀರಿ ಅಂದರೆ ಮೊದಲ ಹೆಸರು ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಅದನ್ನು ಕಟ್ಟಿದ್ದೇ ಸಂಶೋಧನೆ ಕನ್ನಡದಲ್ಲಿ ಆಗಲಿ ಅಂತ, ಮತ್ತು ಅಲ್ಲಿ ಭಾಷಾಂತರ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಕನ್ನಡದೊಳಗೇ ಓಡಾಡುವ ವಿಷಯಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದದ್ದು, ಗಳಗನಾಥರು ಮರಾಠಿಯ ಕಾದಂಬರಿಗಳನ್ನು ತಂದದ್ದು, ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಜೊತೆಗೆ ಶೇಕ್ಸ್‌ಪಿಯರನನ್ನೂ ಮೈಸೂರಿನ ರಂಗಕ್ಕೆ ಒಗ್ಗಿಸಿದ್ದು, ಬಿಎಂಶ್ರೀ ಇಂಗ್ಲಿಷ್ ಕವಿತೆಗಳ ಮೂಲಕ ಕನ್ನಡ ಕವಿತೆಯ ದಾರಿಯನ್ನೇ ತಿರುಗಿಸಿದ್ದು. ಇವನ್ನು ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಆಗುವ ಕಷ್ಟ ನನಗೆ ಗೊತ್ತು. ಪುಟಕ್ಕೆ ಮೂರು ಕನ್ನಡ ಉದ್ಧರಣೆ, ಮೂರನ್ನೂ ಇಂಗ್ಲಿಷಿಗೆ ನೀವೇ ಅನುವಾದ ಮಾಡಬೇಕು, ಆ ಅನುವಾದ ಸರಿ ಅಂತ ವಾದಿಸಬೇಕು, ಬಂಗಾಳಿಗೂ ಕನ್ನಡಕ್ಕೂ ನಡುವೆ ನಡೆದ ಮಾತನ್ನು ಅದಕ್ಕೆ ಸಂಬಂಧವೇ ಇಲ್ಲದ ಮೂರನೇ ಭಾಷೆಯಲ್ಲಿ ಹೇಳಬೇಕು. ಹಂಪಿಯಲ್ಲಿ ಕೂತು ಬರೆಯುವವರಿಗೆ ಆ ಹೊರೆ ಇಲ್ಲ.

ಬೇರೆ ಹೊರೆ ಇದೆ. ಈ ಶಾಸ್ತ್ರದ ಸಿದ್ಧಾಂತದ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಹಾಗಾಗಿ ಒಂದೊಂದು ಪರಿಭಾಷೆಗೂ ಕನ್ನಡ ಹುಡುಕಬೇಕು. ‘ಇಕ್ವಿವಲೆನ್ಸ್’ (ಅನುವಾದ ಮೂಲಕ್ಕೆ ಸರಿಹೊಂದುವುದು) ಅನ್ನುವ ಒಂದೇ ಪದಕ್ಕೆ ಗೆಳತಿಯೊಬ್ಬಳು ಮೂರು ದಿನ ಒದ್ದಾಡಿದ್ದನ್ನು ನೋಡಿದ್ದೇನೆ. ಸಮಾನತೆ ಅಂದರೆ ಗಂಡು ಹೆಣ್ಣಿನ ಸಮಾನತೆ ನೆನಪಾಗುತ್ತದೆ. ಸಮಾನಾರ್ಥಕ ಅಂದರೆ ನಿಘಂಟಿನ ಮಾತಾಗುತ್ತದೆ. ಸಾಟಿ ಅಂತ ಬರೆದಳು, ಗೈಡ್ ಮೊದಲು ಹುಬ್ಬೇರಿಸಿದರು, ಆಮೇಲೆ ಒಪ್ಪಿದರು. ನನಗೆ ಇದು ಹೊರೆಗಿಂತ ಜಾಸ್ತಿ ಭಾಗ್ಯ ಅನ್ನಿಸುತ್ತದೆ, ಯಾಕಂದರೆ ಭಾಷಾಂತರದ ಬಗ್ಗೆ ಬರೆಯುತ್ತಲೇ ನೀವು ಭಾಷಾಂತರ ಮಾಡುತ್ತಿರುತ್ತೀರಿ. ಆದರೆ ಹೊರರಾಜ್ಯದಲ್ಲಿ ಕೆಲಸ ಹುಡುಕುವ ಆಸೆ ಇದ್ದರೆ ಒಂದೆರಡು ಲೇಖನಗಳನ್ನಾದರೂ ಇಂಗ್ಲಿಷಿನಲ್ಲಿ ಪ್ರಕಟಿಸಿಟ್ಟುಕೊಳ್ಳಿ. ಕನ್ನಡದ ಪ್ರಬಂಧ ಎಷ್ಟೇ ಒಳ್ಳೆಯದಾಗಿದ್ದರೂ ಅಲ್ಲಿ ಅದನ್ನು ಓದಬಲ್ಲವರು ಸಂದರ್ಶನದಲ್ಲಿ ಇರುವುದಿಲ್ಲ. (ಹೊಸಪೇಟೆಯ ಏಪ್ರಿಲ್ ಬಿಸಿಲಿಗೂ ತಯಾರಾಗಿ ಹೋಗಿ, ಮಲೆನಾಡಿನವರಂತೂ ಖಂಡಿತ.)

ಹೈದರಾಬಾದಿನ ಎರಡು ಬಾಗಿಲು

ಇಂಗ್ಲಿಷಿನಲ್ಲಿ ಬರೆಯುವವರಿಗೆ, ದಕ್ಷಿಣದಲ್ಲೇ ಇರಬೇಕು ಅನ್ನುವವರಿಗೆ, ಹೈದರಾಬಾದಿನಲ್ಲಿ ಎರಡು ಕೇಂದ್ರೀಯ ವಿಶ್ವವಿದ್ಯಾಲಯಗಳಿವೆ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಭಾಷಾಂತರ ಅಧ್ಯಯನ ಕೇಂದ್ರ, ಎಲ್ಲರ ಬಾಯಲ್ಲಿ ‘ಕ್ಯಾಲ್ಟ್ಸ್’. ಊರಿನ ಇನ್ನೊಂದು ತುದಿಯಲ್ಲಿ, ತಾರ್ನಾಕದಲ್ಲಿ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು. ಎರಡೂ ಒಂದೇ ಅಂದುಕೊಂಡು ಅರ್ಜಿ ಹಾಕಬೇಡಿ. ಕ್ಯಾಲ್ಟ್ಸ್ ಭಾಷಾವಿಜ್ಞಾನದ ಮನೆ, ಭಾರತೀಯ ಭಾಷೆಗಳ ಯಂತ್ರಾನುವಾದದ ಮೇಲೆ ಅಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ವಾಕ್ಯರಚನೆ, ನಿಘಂಟು, ಕಂಪ್ಯೂಟರ್ ಇವುಗಳ ಕಡೆ ನಿಮ್ಮ ಮನಸ್ಸಿದ್ದರೆ ಅಲ್ಲಿಗೆ. ಇಫ್ಲುವಿನ ಒಲವು ನಾನು ಕಂಡಂತೆ ಸಾಹಿತ್ಯ, ಇತಿಹಾಸ, ಸಂಸ್ಕೃತಿಯ ಕಡೆ ಜಾಸ್ತಿ. ಅನುವಾದ ಯಾವ ಜಾತಿ, ಯಾವ ರಾಜಕಾರಣ, ಯಾವ ಕಾಲದ ಒತ್ತಡದಲ್ಲಿ ನಡೆಯಿತು ಅಂತ ಕೇಳುವವರಿಗೆ ಅಲ್ಲಿ ಮಾತಾಡುವ ಜನ ಸಿಗುತ್ತಾರೆ.

ಹೈದರಾಬಾದಿನಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಮೆಸ್ಸಿನ ಮೇಜು. ಮಲಯಾಳಿ, ಒಡಿಯಾ, ಅಸ್ಸಾಮಿ, ತೆಲುಗು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಒಂದು ರಾತ್ರಿ ನನ್ನ ಟಿಪ್ಪಣಿ ನೋಡುತ್ತಿದ್ದ ಒಡಿಯಾ ಗೆಳತಿ ಕೇಳಿದಳು, "ನಿಮ್ಮ ಅನುವಾದಕರು ‘ದೀದಿ’ಯನ್ನು ಅಕ್ಕ ಮಾಡಿದ್ದಾರೆ, ಸರಿ. ಆದರೆ ‘ಬಾಬು’ವನ್ನು ಯಾಕೆ ಹಾಗೇ ಬಿಟ್ಟಿದ್ದಾರೆ?" ಎರಡು ವರ್ಷದಿಂದ ಆ ಪುಟಗಳನ್ನು ಓದುತ್ತಿದ್ದ ನನಗೆ ಈ ಪ್ರಶ್ನೆ ಬಂದಿರಲೇ ಇಲ್ಲ. ಅದೇ ನನ್ನ ಮೂರನೇ ಅಧ್ಯಾಯವಾಯಿತು. ಕನ್ನಡದವರೇ ಸುತ್ತ ಇದ್ದಿದ್ದರೆ ಎಲ್ಲರಿಗೂ ಅಭ್ಯಾಸವಾಗಿದ್ದ ಆ ‘ಬಾಬು’ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅನ್ನಿಸುತ್ತದೆ. ಕೊರತೆ ಅಂದರೆ ಹಳೆಯ ಕನ್ನಡ ಪುಸ್ತಕಗಳು ಅಲ್ಲಿ ಸಿಗುವುದು ಕಷ್ಟ. ರಜೆ ಬಂದಾಗಲೆಲ್ಲ ಮೈಸೂರಿಗೆ, ಧಾರವಾಡಕ್ಕೆ ಓಡುತ್ತಿದ್ದೆ.

ಊರ ಹತ್ತಿರದ ವಿಶ್ವವಿದ್ಯಾಲಯ

ಹೆಚ್ಚಿನ ಜನ ಕೊನೆಗೆ ಆರಿಸಿಕೊಳ್ಳುವುದು ಇದನ್ನೇ. ತಮ್ಮದೇ ವಿಶ್ವವಿದ್ಯಾಲಯದ ಕನ್ನಡ ಅಥವಾ ಇಂಗ್ಲಿಷ್ ವಿಭಾಗ ಸೇರಿ, ವಿಷಯ ಮಾತ್ರ ಅನುವಾದದ್ದು ಇಟ್ಟುಕೊಳ್ಳುವುದು. ಇದನ್ನು ಕೀಳಾಗಿ ನೋಡಬೇಡಿ. ಅನುವಾದದ ಆಕರಗಳು ಊರೂರಲ್ಲಿ ಹರಡಿವೆ, ಆಕರ ಇರುವ ಊರಿನಲ್ಲೇ ಕೂತು ಕೆಲಸ ಮಾಡುವ ಸುಖ ಬೇರೆ. ಮರಾಠಿ–ಕನ್ನಡ ಕೊಡುಕೊಳ್ಳುವಿಕೆಗೆ ಧಾರವಾಡ, ಅಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಇದೆ. ಬಾಸೆಲ್ ಮಿಷನ್ನಿನ ಅನುವಾದ, ಅಚ್ಚುಕೂಟ, ಕಿಟ್ಟೆಲ್ ನಿಘಂಟು ಇವುಗಳಿಗೆ ಮಂಗಳೂರು, ಅಲ್ಲಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಸಂಗ್ರಹವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಂತೂ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯೂ ಭಾರತೀಯ ಭಾಷಾ ಸಂಸ್ಥಾನವೂ ನಡೆದುಹೋಗುವಷ್ಟು ಹತ್ತಿರ. ತೊಂದರೆ ಎಲ್ಲಿ ಅಂದರೆ, ಗೈಡ್‌ಗೆ ಭಾಷಾಂತರ ಶಾಸ್ತ್ರದ ಓದು ಇಲ್ಲದಿದ್ದರೆ ನಿಮ್ಮ ಪ್ರಬಂಧ ನಿಧಾನಕ್ಕೆ ಮೂಲ ಲೇಖಕರ ಮೇಲಿನ ಪ್ರಬಂಧವಾಗಿಬಿಡುತ್ತದೆ. ಅನುವಾದಕರು ಕೊನೆಯ ಅಧ್ಯಾಯದಲ್ಲಿ ಒಂದು ಕೃತಜ್ಞತೆಯಾಗಿ ಉಳಿಯುತ್ತಾರೆ. ಅಂಥ ಪ್ರಬಂಧಗಳು ಶೋಧಗಂಗಾದಲ್ಲಿ (ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಬೇಕಾದಷ್ಟಿವೆ.

ಗಡಿ ದಾಟಿದರೆ ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾಲಯ, ಕೋಲಾರದ ಕಡೆಯವರಿಗೆ ಹತ್ತಿರ. ತೆಲುಗು, ತಮಿಳು, ಕನ್ನಡಗಳ ನಡುವಿನ ಅನುವಾದಕ್ಕೆ ಒಳ್ಳೆಯ ನೆರೆಹೊರೆ. ದೆಹಲಿಯ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿ ಅನುವಾದಕ್ಕೇ ಒಂದು ಶಾಲೆ ಇದೆ, ಆದರೆ ಇಗ್ನೋ ಅಂದ ಕೂಡಲೇ ಮನೆಯಲ್ಲೇ ಕೂತು ಪಿಎಚ್‌ಡಿ ಮಾಡಬಹುದು ಅಂದುಕೊಳ್ಳಬೇಡಿ. ದೂರಶಿಕ್ಷಣದ ಪಿಎಚ್‌ಡಿಯನ್ನು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಒಪ್ಪುವುದಿಲ್ಲ. ಹಿಂದಿಯಲ್ಲಿ ಬರೆಯಬಲ್ಲವರಿಗೆ ವರ್ಧಾದ ಹಿಂದಿ ವಿಶ್ವವಿದ್ಯಾಲಯ ಇದೆ.

ಕಡಲಾಚೆ

ಅನುವಾದವನ್ನೇ ಮಾಡಿ ಪಿಎಚ್‌ಡಿ ಪಡೆಯಬೇಕು ಅನ್ನುವ ಆಸೆ ಇದ್ದವರಿಗೆ ದಾರಿ ಇರುವುದು ಇಲ್ಲಿ. ಇಂಗ್ಲೆಂಡಿನ ನಾರ್ವಿಚ್‌ನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯಾನುವಾದದ ಪಿಎಚ್‌ಡಿ ಇದೆ. ಒಂದು ಭಾಗ ನಿಮ್ಮ ಅನುವಾದ, ಇನ್ನೊಂದು ಭಾಗ ಅದರ ಮೇಲಿನ ವಿಮರ್ಶೆ, ಹೀಗೆ ಸೇರಿಸಿ ಕೊಡಬಹುದು. 1989ರಲ್ಲಿ ಜರ್ಮನ್ ಲೇಖಕ ಡಬ್ಲ್ಯೂ. ಜಿ. ಸೆಬಾಲ್ಡ್ ಶುರು ಮಾಡಿದ ಬ್ರಿಟಿಷ್ ಸಾಹಿತ್ಯಾನುವಾದ ಕೇಂದ್ರವೂ ಅಲ್ಲೇ. ಮ್ಯಾಂಚೆಸ್ಟರ್, ಲಂಡನ್ನಿನ ಯುಸಿಎಲ್ ಹೆಚ್ಚು ಸಿದ್ಧಾಂತದ ಕಡೆ. ಅಮೆರಿಕದಲ್ಲಿ ಬಿಂಗ್‌ಹ್ಯಾಮ್‌ಟನ್, ಕೆಂಟ್ ಸ್ಟೇಟ್‌ಗಳಲ್ಲಿ ಭಾಷಾಂತರ ಅಧ್ಯಯನದ ಹೆಸರಿನಲ್ಲೇ ಪಿಎಚ್‌ಡಿ ಇದೆ.

ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ನೇರ ಪ್ರಬಂಧಕ್ಕೇ ಇಳಿಯುತ್ತೀರಿ, ಆದರೆ ನಮ್ಮಂಥವರಿಗೆ ಶುಲ್ಕವೇ ವರ್ಷಕ್ಕೆ 20 ಲಕ್ಷ ದಾಟುವುದು ಸಾಮಾನ್ಯ. ಪೂರ್ತಿ ಸ್ಕಾಲರ್‌ಶಿಪ್ ಸಿಗದೆ ಸಾಲ ಮಾಡಿ ಹೋಗಬೇಡಿ. ಇದನ್ನು ತಂಗಿಗೆ ಹೇಳಿದ ಹಾಗೆ ಹೇಳುತ್ತಿದ್ದೇನೆ. ಈ ಡಿಗ್ರಿಯಿಂದ ಆ ಸಾಲ ತೀರುವ ಸಂಬಳ ಬೇಗ ಬರುವುದಿಲ್ಲ. ಅಮೆರಿಕದಲ್ಲಿ ಐದಾರು ವರ್ಷ ಹಿಡಿಯುತ್ತದೆ, ಮೊದಲೆರಡು ವರ್ಷ ತರಗತಿಗಳೇ, ಆದರೆ ಪಾಠ ಹೇಳುವ ಕೆಲಸ ಕೊಟ್ಟು ಶುಲ್ಕ ಮಾಫಿ ಮಾಡುವುದು ಅಲ್ಲಿ ರೂಢಿ. ಇನ್ನೊಂದು ಮಾತು, ಅಲ್ಲಿ ನಿಮ್ಮ ಗೈಡ್‌ಗೆ ಕನ್ನಡ ಬರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ಅನುವಾದದ ಇಂಗ್ಲಿಷನ್ನು ಅವರು ತಿದ್ದುತ್ತಾರೆ, ಮೂಲಕ್ಕೆ ಅದು ಎಷ್ಟು ಹತ್ತಿರ ಅಂತ ಹೇಳುವವರು ಇರುವುದಿಲ್ಲ. ಊರಿನಲ್ಲಿ ಒಬ್ಬ ಹಿರಿಯ ಓದುಗರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ಪುಸ್ತಕದ ಚಿಂತೆ ಅಷ್ಟಿಲ್ಲ. 1960ರ ದಶಕದಿಂದ, ಭಾರತಕ್ಕೆ ಕೊಟ್ಟ ಧಾನ್ಯದ ರೂಪಾಯಿಯಲ್ಲಿ ಪುಸ್ತಕ ಕೊಳ್ಳುವ ಪಿಎಲ್-480 ಯೋಜನೆಯಲ್ಲಿ, ಅಮೆರಿಕದ ದೊಡ್ಡ ಲೈಬ್ರರಿಗಳಿಗೆ ಕನ್ನಡ ಪುಸ್ತಕಗಳೂ ಹೋಗಿವೆ, ಎ. ಕೆ. ರಾಮಾನುಜನ್ ಪಾಠ ಮಾಡಿದ ಶಿಕಾಗೋ ಅದರಲ್ಲಿ ಮುಖ್ಯವಾದದ್ದು.

ದುಡ್ಡು, ನೆಟ್, ವರ್ಷ

2024ರ ಜೂನ್‌ನಿಂದ ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸುತ್ತಾರೆ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಸಿಗದೆ ಬರೀ ಅರ್ಹತೆ ಸಿಕ್ಕವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30ರ ಲೆಕ್ಕ, ಅದೂ ಒಂದು ವರ್ಷ ಮಾತ್ರ ಚಾಲ್ತಿ. ಇಲ್ಲಿ ನಮ್ಮ ವಿಷಯದವರಿಗೆ ಒಂದು ತೊಡಕಿದೆ. ನೆಟ್ ಪಟ್ಟಿಯಲ್ಲಿ ಭಾಷಾಂತರ ಅಧ್ಯಯನ ಅಂತ ವಿಷಯವೇ ಇಲ್ಲ. ಕನ್ನಡ, ಇಂಗ್ಲಿಷ್, ಭಾಷಾವಿಜ್ಞಾನ, ತೌಲನಿಕ ಸಾಹಿತ್ಯ ಇವುಗಳಲ್ಲಿ ಒಂದನ್ನು ಬರೆಯಬೇಕು. ನೀವು ಸೇರಬೇಕೆಂದಿರುವ ವಿಭಾಗ ಇವುಗಳಲ್ಲಿ ಯಾವುದನ್ನು ಒಪ್ಪುತ್ತದೆ ಅಂತ ಅವರ ಪ್ರಕಟಣೆ ಓದಿ, ಆಮೇಲೆ ಅರ್ಜಿ ತುಂಬಿ. ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಸಿಗದಿದ್ದರೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000. ವ್ಯತ್ಯಾಸ ನೋಡಿ. ಒಂದು ವರ್ಷ ಕಾದು ಇನ್ನೊಂದು ಸಲ ನೆಟ್ ಬರೆಯುವುದು ಎಷ್ಟೋ ಸಲ ಒಳ್ಳೆಯದು.

ಕೆಲಸದಲ್ಲಿ ಇರುವವರು ಮೇಲಿನವರಿಂದ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಪಾರ್ಟ್‌ಟೈಮ್ ಮಾಡಬಹುದು, 2022ರ ಯುಜಿಸಿ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಮತ್ತೆ ಎರಡು. ಹೆರಿಗೆಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ. ಮನೆಯಲ್ಲಿ "ಇನ್ನೂ ಮುಗಿದಿಲ್ವಾ" ಅಂತ ಕೇಳುವವರಿಗೆ ಈ ನಿಯಮ ತೋರಿಸಿ.

ಕಾಲೇಜು ಮೇಷ್ಟ್ರಾಗುವ ಗುರಿ ಇದ್ದವರು ಒಂದು ಮಾತು ನೆನಪಿಡಿ. 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ ಅಥವಾ ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಬೇಕೇ ಬೇಕು, ಪಿಎಚ್‌ಡಿ ಇದ್ದರೆ ಒಳ್ಳೆಯದು ಅಷ್ಟೇ. ಮತ್ತೆ ಹುದ್ದೆ ಕರೆಯುವುದು ಕನ್ನಡಕ್ಕೋ ಇಂಗ್ಲಿಷಿಗೋ, ಭಾಷಾಂತರಕ್ಕೆ ಕರೆಯುವುದು ಅಪರೂಪ. ಹಾಗಾಗಿ ನಿಮ್ಮ ಎಂಎ ವಿಷಯದಲ್ಲಿ ನಮ್ಮ ರಾಜ್ಯದ ಸೆಟ್, ಕೆಸೆಟ್ ಆದರೂ ಮುಗಿಸಿಕೊಂಡಿರಿ.

ಗೈಡ್

ನಾನು ಮೊದಲು ಸೇರಿದ್ದು ಮನೆಗೆ ಹತ್ತಿರದ ಒಂದು ವಿಶ್ವವಿದ್ಯಾಲಯಕ್ಕೆ. ಹೆಸರು ಬೇಡ. ಗೈಡ್ ದೊಡ್ಡ ವಿದ್ವಾಂಸರು, ಆ ಹೆಸರು ನೋಡಿಯೇ ಹೋಗಿದ್ದೆ. ಎರಡನೇ ವರ್ಷ ಅವರು ನಿವೃತ್ತರಾದರು. ಬೇರೆಯವರನ್ನು ಕೊಡಲು ಕಚೇರಿಯಲ್ಲಿ ಕಡತ ಹದಿನಾಲ್ಕು ತಿಂಗಳು ಸುತ್ತಿತು, ಕೊನೆಗೆ ಸಿಕ್ಕವರು ನನ್ನ ವಿಷಯ ಬದಲಿಸಲು ಹೇಳಿದರು. ಬಿಟ್ಟು ಹೈದರಾಬಾದಿಗೆ ಹೋದೆ. ಎರಡೂವರೆ ವರ್ಷ ಹೋಯಿತು, ಮಗಳು ಒಂದನೇ ಕ್ಲಾಸಿನಿಂದ ಮೂರಕ್ಕೆ ಬಂದಿದ್ದಳು. ಈಗ ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತಗೊಳ್ಳುವಂತಿಲ್ಲ ಅಂತ ನಿಯಮ ಬಂದಿದೆ, ಆದರೂ ನೀವೇ ಕೇಳಿ ಖಚಿತಪಡಿಸಿಕೊಳ್ಳಿ, ನಾಚಿಕೊಳ್ಳಬೇಡಿ. ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರಿಗೆ ಮಾತ್ರ ಗೈಡ್ ಆಗಬಹುದು, ಜಾಗ ಇದೆಯಾ ಅಂತಲೂ ಕೇಳಿ. ಶೋಧಗಂಗಾ ತೆರೆದು ಅವರ ಹೆಸರು ಹಾಕಿದರೆ ಅವರ ಕೈಕೆಳಗೆ ಮುಗಿದ ಪ್ರಬಂಧಗಳು ಬರುತ್ತವೆ. ಎರಡನ್ನಾದರೂ ಓದಿ. ಅನುವಾದಗಳನ್ನು ಸಾಲು ಸಾಲಾಗಿ ಮೂಲದ ಪಕ್ಕ ಇಟ್ಟು ನೋಡಿದ್ದಾರಾ, ಬರೀ ಕತೆಯ ಸಾರಾಂಶ ಬರೆದಿದ್ದಾರಾ ಅನ್ನುವುದು ಹತ್ತು ಪುಟದಲ್ಲಿ ಗೊತ್ತಾಗುತ್ತದೆ. ಹಂಪಿ, ಹೈದರಾಬಾದ್, ಧಾರವಾಡ ಯಾವುದನ್ನೇ ತೂಗುತ್ತಿರಿ, ಒಳ್ಳೆಯ ಗೈಡ್ ಇರುವ ಕಡೆಗೆ ತಕ್ಕಡಿ ಬಗ್ಗಿಸಿ.

ಯಂತ್ರದ ಪ್ರಶ್ನೆ

"ಎಲ್ಲ ಎಐ ಮಾಡುತ್ತೆ, ಇನ್ನು ಇದನ್ನು ಓದಿ ಏನು ಪ್ರಯೋಜನ?" ಇದನ್ನು ಈಗ ಎಲ್ಲರೂ ಕೇಳುತ್ತಾರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ, ಸರ್ಕಾರದ ಅನುವಾದ ವೇದಿಕೆ ಭಾಷಿಣಿ ಬಂದದ್ದು 2022ರಲ್ಲಿ. ಅಂದಿನಿಂದ ನಮಗೆ ಕೆಲಸ ಜಾಸ್ತಿಯಾಗಿದೆ. ಯಂತ್ರ ‘ಬಂದ’, ‘ಬಂದರು’ ನಡುವೆ ಯಾವಾಗ ಎಡವುತ್ತದೆ, ‘ಅತ್ತೆ’ ಅಂದರೆ ಗಂಡನ ತಾಯಿಯೋ ಅಪ್ಪನ ತಂಗಿಯೋ ಸೋದರಮಾವನ ಹೆಂಡತಿಯೋ ಅಂತ ಹೇಗೆ ತೀರ್ಮಾನಿಸುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ, ಕೋರ್ಟಿನ ನೋಟಿಸಿನಲ್ಲಿ ಅದು ತಪ್ಪಿದರೆ ಯಾರಿಗೆ ಪೆಟ್ಟು ಬೀಳುತ್ತದೆ. ಕನ್ನಡದ ಮಟ್ಟಿಗೆ ಇದರ ಮೇಲೆ ಆಗಬೇಕಾದ ಕೆಲಸ ರಾಶಿ ಬಿದ್ದಿದೆ. ಈ ಕಡೆ ಒಲವಿದ್ದರೆ ಕ್ಯಾಲ್ಟ್ಸ್ ಅಂತ ಆಗಲೇ ಹೇಳಿದೆ.

ಇನ್ನು ನೀವು ಮಾಡಬೇಕಾದದ್ದು. ಒಂದು ಪುಸ್ತಕ, ಅದರ ಒಂದು ಅನುವಾದ ಆರಿಸಿಕೊಳ್ಳಿ. ಯಾವುದಾದರೂ ಇಪ್ಪತ್ತು ಪುಟ. ಎಡಕ್ಕೆ ಮೂಲ, ಬಲಕ್ಕೆ ಅನುವಾದ, ನಡುವೆ ನಿಮಗೆ ಅಡ್ಡ ಬಂದ ಜಾಗಗಳು. ಹದಿನೈದು ದಿನ ಇದನ್ನು ಮಾಡಿ, ಒಂದೂವರೆ ಪುಟಕ್ಕೆ ಇಳಿಸಿ. ಏನು ಕಂಡಿರಿ, ಯಾಕೆ ಅದು ನಿಮ್ಮನ್ನು ಕಾಡುತ್ತಿದೆ, ಇನ್ನು ಯಾವ ಪುಸ್ತಕಗಳಲ್ಲಿ ಅದನ್ನು ಹುಡುಕುತ್ತೀರಿ, ಅಷ್ಟೇ ಬರೆಯಿರಿ. ಗೈಡ್‌ಗೆ ಬರೆಯುವ ಮೊದಲ ಪತ್ರದಲ್ಲಿ "ಗೌರವಾನ್ವಿತರೇ, ನನಗೆ ಅನುವಾದದಲ್ಲಿ ಅಪಾರ ಆಸಕ್ತಿ" ಅಂತ ಶುರು ಮಾಡದೆ ಆ ಒಂದೂವರೆ ಪುಟ ಕಳಿಸಿ. ಮೂರು ಜನಕ್ಕೆ ಕಳಿಸಿ. ಯಾರು ನಿಮ್ಮ ಪಟ್ಟಿಯ ಒಂದು ಪದ ಹಿಡಿದು "ಇದನ್ನು ಯಾಕೆ ಹೀಗೆ ಓದಿದೆಯಮ್ಮಾ?" ಅಂತ ತಿರುಗಿ ಕೇಳುತ್ತಾರೋ, ಅವರಿರುವ ಊರಿಗೆ ಟಿಕೆಟ್ ಮಾಡಿಸಿ.